ಒಂಬತ್ತನೇ ಅಂತಸ್ತಿನ ಬಾಗಿಲು

ಬೇಸಿಗೆ ರಜೆಯ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತೂವರೆ ಗಂಟೆ. ಸ್ಥಳ, ಜಯನಗರದ ನಮ್ಮ ಮನೆಯ ನಡುಮನೆ. ಹಾಜರಿದ್ದವರು ಐವರು: ಬೆತ್ತದ ಕುರ್ಚಿಯಲ್ಲಿ ಅಪ್ಪ, ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಅಮ್ಮ, ದಿವಾನದ ಮೇಲೆ ಅಮ್ಮನ ತಮ್ಮ ಶ್ರೀಧರ ಮಾವ, ಟಿವಿಯ ಮುಂದೆ ನೆಲದ ಮೇಲೆ ಹತ್ತು ವರ್ಷದ ನನ್ನ ತಮ್ಮ ರಘು, ಅವನ ಪಕ್ಕದಲ್ಲಿ ಮಡಿಲಲ್ಲಿ ನೋಟ್‌ಪುಸ್ತಕ ಇಟ್ಟುಕೊಂಡು ನಾನು. ನನಗೆ ಆಗ ಹದಿನೇಳು. ಮಾರನೆಯ ದಿನ ರಘುವಿನ ಶಾಲೆ ಶುರುವಾಗುವುದಿತ್ತು. ಅಂದು ಹನ್ನೊಂದು ಗಂಟೆಯೊಳಗೆ ಅವನು ತನ್ನ ಟಿವಿ ಗೇಮಿನ ಕೊನೆ ಮುಟ್ಟಬೇಕಿತ್ತು. ಮುಟ್ಟದಿದ್ದರೆ ಅದನ್ನು ತಂದುಕೊಟ್ಟಿದ್ದ ಮಾವನೇ ಸಂಜೆಯ ಬಸ್ಸಿನಲ್ಲಿ ಮದ್ರಾಸಿಗೆ ವಾಪಸು ಒಯ್ಯಬೇಕೆಂದು ಅಪ್ಪ ತೀರ್ಮಾನಿಸಿದ್ದರು. ಆ ಅರ್ಧ ಗಂಟೆಯ ಲೆಕ್ಕ ಇಡುವವಳು ನಾನು. ಅದನ್ನು ಬರೆಯುವ ಮೊದಲು ಆ ಮನೆ ಹೇಗೆ ನಡೆಯುತ್ತಿತ್ತೆಂದು ಹೇಳಬೇಕು.

ಅಪ್ಪ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದರು. ಸೈರನ್ನು ಕೂಗಿದ ಮೇಲೆ ಗೇಟಿಗೆ ಬಂದವನ ಕಾರ್ಡಿನ ಮೇಲೆ ಕೆಂಪು ಗೆರೆ ಎಳೆಯುವುದು ಅವರ ಕೆಲಸ. ಆ ಕೆಂಪು ಪೆನ್ಸಿಲು ಅವರ ಜೇಬಿನಲ್ಲಿ ಮನೆಗೂ ಬರುತ್ತಿತ್ತು. ಅಡುಗೆಮನೆಯ ಬಾಗಿಲ ಹಿಂದೆ, ಕಾರ್ಖಾನೆಯ ಹಳೆಯ ಹಾಜರಿ ಹಾಳೆಯ ಬೆನ್ನಿಗೆ ಅವರೇ ಗೆರೆ ಹಾಕಿ ಬರೆದ ಮನೆಯ ಟೈಂಟೇಬಲ್ ಅಂಟಿಸಿತ್ತು. ಐದೂವರೆಗೆ ಏಳುವುದು. ಐದು ಐವತ್ತರೊಳಗೆ ಸ್ನಾನ, ಹಂಡೆಯಿಂದ ಒಬ್ಬೊಬ್ಬರಿಗೆ ಎರಡು ಬಕೆಟ್ ನೀರು. ಆರೂ ಹತ್ತಕ್ಕೆ ರಘುವಿನ ಸಂಧ್ಯಾವಂದನೆ, ಹನ್ನೆರಡು ನಿಮಿಷ. ಹದಿನಾಲ್ಕಾದರೆ ತೂಕಡಿಸಿದ್ದಾನೆ, ಹತ್ತಾದರೆ ಮಂತ್ರ ನುಂಗಿದ್ದಾನೆ. ದೇವರ ಮುಂದೆ ಕಣ್ಣು ಮುಚ್ಚಿ ಕೂರುವುದಕ್ಕೂ ನಮ್ಮಲ್ಲಿ ಮುಗಿಯುವ ಗಂಟೆಯಿತ್ತು. ಎಂಟೂ ಹತ್ತಕ್ಕೆ ತಿಂಡಿ. ಉಪ್ಪಿಟ್ಟು ಆರಿಹೋಗಿದೆ ಎಂದರೆ ತಪ್ಪು ಉಪ್ಪಿಟ್ಟಿನದಲ್ಲ, ತಡವಾಗಿ ಬಂದವನದು. ಹಾಳೆಯಲ್ಲಿ ಎಲ್ಲಕ್ಕೂ ಜಾಗವಿತ್ತು: ಹೂ ಕೀಳಲು, ಬೂಟಿಗೆ ಪಾಲಿಶ್ ಹಾಕಲು, ಅಜ್ಜಿಗೆ ಕಾರ್ಡು ಬರೆಯಲು. ಸುಮ್ಮನೆ ಇರುವುದಕ್ಕೆ ಮಾತ್ರ ಒಂದೂ ಗೆರೆ ಇರಲಿಲ್ಲ. ಅಮ್ಮ ಮಧ್ಯಾಹ್ನ ಎರಡರ ಹೊತ್ತಿಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ದಾಸವಾಳದ ಗಿಡ ನೋಡುತ್ತಿದ್ದಳು. ಅಪ್ಪ ಮನೆಯಲ್ಲಿದ್ದ ದಿನ, ಅವರ ಹೆಜ್ಜೆ ಕೇಳಿಸಿದರೆ, ಪಕ್ಕದಲ್ಲಿಟ್ಟುಕೊಂಡಿದ್ದ ಮೊರ ಎತ್ತಿ ಅಕ್ಕಿ ಆರಿಸತೊಡಗುವಳು. ಆ ಮೊರದಲ್ಲಿದ್ದದ್ದು ಹಿಂದಿನ ದಿನವೇ ಆರಿಸಿಟ್ಟ ಅಕ್ಕಿ. ಅದು ನನಗೆ ಗೊತ್ತಿತ್ತು. ಒಮ್ಮೆ ಅಪ್ಪನಿಗೆ ಹೇಳಿಯೂ ಬಿಟ್ಟೆ.

ನಾನು ಆ ಮನೆಯಲ್ಲಿ ನರಳಿದವಳೆಂದು ಯಾರೂ ತಿಳಿಯಬಾರದು. ನನಗೆ ಆ ಕ್ರಮ ಇಷ್ಟವಾಗಿತ್ತು. ಕೆಂಪು ಗಾರೆ ನೆಲದ ಸುತ್ತ ಒಂದು ಗೇಣಿನ ಕಪ್ಪು ಪಟ್ಟಿ ಇತ್ತು. ಚಪ್ಪಲಿ, ಚೀಲ, ನೆಂಟರ ಟ್ರಂಕು, ಏನೇ ಇರಲಿ ಆ ಪಟ್ಟಿಯಿಂದ ಒಳಗೆ ಬರಬಾರದು. ಬಂದರೆ ಮೊದಲು ಕೂಗುತ್ತಿದ್ದವಳು ನಾನು. ಎರಡು ಕಡೆ ಸರಿಯುವ ಮರದ ಶಟರು ಇದ್ದ ನಮ್ಮ ಕಪ್ಪು-ಬಿಳುಪು ಟಿವಿಗೆ ಬೀಗವಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಒಳ್ಳೆಯ ಅಂಕ ಬಂದ ದಿನ ಅಪ್ಪ ಬೇರೇನೂ ಕೊಡಲಿಲ್ಲ, ಆ ಬೀಗದ ಕೈ ಕೊಟ್ಟರು. ಅದನ್ನು ಸರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕಿಕೊಂಡೆ. ಅಮ್ಮ ನೋಡಿ ನಕ್ಕಳು.

“ಟೈಮ್ ಆಫೀಸ್ ಬ್ರಾಂಚ್ ಓಪನ್ ಆಯ್ತು ಮನೇಲಿ.”

ಆ ನಗುವಿನಲ್ಲಿ ಏನಿತ್ತೆಂದು ನಾನು ಆಗ ಕೇಳಿಕೊಳ್ಳಲಿಲ್ಲ.

ಯಂತ್ರ ಬಂದದ್ದು ರಘುವಿನ ಮುಂಜಿಯಂದು. ನೆಂಟರೆಲ್ಲ ಬೆಳ್ಳಿ ಲೋಟ, ಪಂಚೆ, ಪಂಚಪಾತ್ರೆ ಕೊಟ್ಟರು. ಶ್ರೀಧರ ಮಾವ ಮದ್ರಾಸಿನ ಬಂದರಿನ ಹತ್ತಿರದ ಅಂಗಡಿಸಾಲಿನಿಂದ ತಂದ ರಟ್ಟಿನ ಪೆಟ್ಟಿಗೆಯೊಂದನ್ನು ವಟುವಿನ ಭಿಕ್ಷೆಯ ತಟ್ಟೆಯ ಪಕ್ಕದಲ್ಲಿಟ್ಟರು. ಬಿಳಿ ಪ್ಲಾಸ್ಟಿಕ್ಕಿನ ಡಬ್ಬಿ, ಅದಕ್ಕೆ ಎರಡು ರಿಮೋಟು, ಒಂದೇ ಒಂದು ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲಿನ ಚೀಟಿ ಹರಿದುಹೋಗಿತ್ತು. ಆಟದ ಹೆಸರು ಪರದೆಯ ಮೇಲೆ ಜಪಾನೀ ಅಕ್ಷರದಲ್ಲಿ ಬರುತ್ತಿತ್ತು. ಅದನ್ನು ಓದುವವರು ಜಯನಗರದಲ್ಲಿ ನಮಗೆ ಯಾರೂ ಗೊತ್ತಿರಲಿಲ್ಲ. ರಘು ಅದಕ್ಕೆ ‘ಲಾಟೀನು ತಾತ’ ಎಂದು ಹೆಸರಿಟ್ಟ. ಅಪ್ಪ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು.

“ಇದರಿಂದ ಏನು ಕಲೀತಾನೆ?”

“ಕಲಿಯೋಕಲ್ಲ ಭಾವ, ಆಡೋಕೆ,” ಎಂದರು ಮಾವ.

“ಶುರು ಇದೆ. ಕೊನೆ ಇದೆಯೋ?”

“ಇರ್ಬೇಕು. ಒಂಬತ್ತು ಅಂತಸ್ತು ಹತ್ತಬೇಕಂತೆ.”

“ಹಾಗಾದ್ರೆ ಹತ್ತಲಿ. ಹಿಡಿದ ಕೆಲಸ ಮುಗಿಸಬೇಕು, ಇಲ್ಲ ಹಿಡೀಬಾರದು. ರಜ ಮುಗಿಯೋದರೊಳಗೆ ಎಂಟು ಭಾನುವಾರ ಇದೆ. ಎಂಟು ಅರ್ಧ ಗಂಟೆ. ಮುಗಿಸಿದರೆ ಇಟ್ಕೊಳ್ಲಿ. ಇಲ್ಲದಿದ್ರೆ ನೀನೇ ತಗೊಂಡು ಹೋಗು.”

“ಭಾವ, ನೀವು ಯಮಲೋಕಕ್ಕೆ ಹೋದ್ರೂ ಮೊದಲು ಅಲ್ಲಿನ ಹಾಜರಿ ಪುಸ್ತಕ ಕೇಳ್ತೀರ,” ಎಂದರು ಮಾವ. ಎಲ್ಲರೂ ನಕ್ಕರು, ಅಪ್ಪನೂ. ಹೊಸ ಜನಿವಾರದ ರಘು ಮಾತ್ರ ನಗಲಿಲ್ಲ. ಅವನು ಆಗಲೇ ಬೆರಳು ಮಡಿಸಿ ಭಾನುವಾರಗಳನ್ನು ಎಣಿಸುತ್ತಿದ್ದ.

ಆ ಆಟದ ಬಗ್ಗೆ ನ್ಯಾಯವಾಗಿ ಬರೆಯಬೇಕು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಸಿಟ್ಟು ಬಂದಿದ್ದರೂ ಇದ್ದ ಗುಣಕ್ಕೆ ಅಂಕ ಕೊಡದೆ ಬಿಟ್ಟವಳಲ್ಲ. ಒಬ್ಬ ಗಿಡ್ಡ ಮುದುಕ, ಕೈಯಲ್ಲಿ ಲಾಟೀನು. ಅವನು ಕತ್ತಲೆಯ ಗೋಪುರವೊಂದನ್ನು ಅಂತಸ್ತಿನಿಂದ ಅಂತಸ್ತಿಗೆ ಹಾರುತ್ತ ಹತ್ತಬೇಕು, ದಾರಿಯಲ್ಲಿನ ದೀಪಗಳನ್ನು ಹಚ್ಚಬೇಕು. ಮೂಲೆಯಲ್ಲಿ ಎಣ್ಣೆಯ ಹನಿಗಳ ಸಂಖ್ಯೆ. ಸೆಕೆಂಡಿಗೊಂದು ಹನಿ ಇಳಿಯುತ್ತದೆ, ಅಲ್ಲಲ್ಲಿ ಸಿಗುವ ಕುಡಿಕೆಗಳಿಂದ ತುಂಬಿಕೊಳ್ಳಬೇಕು. ಎಣ್ಣೆ ಮುಗಿದರೆ ಆಟ ಮುಗಿಯಿತು. ಅವನ ನೆಗೆತಕ್ಕೆ ಒಂದು ತೂಕವಿತ್ತು. ಗುಂಡಿ ಒತ್ತಿ ಹಿಡಿದಷ್ಟು ಎತ್ತರ ಹಾರುತ್ತಿದ್ದ, ಕೆಳಗೆ ಬಿದ್ದಾಗ ಮೊಣಕಾಲು ಬಾಗುತ್ತಿತ್ತು, ತುಂಬ ಓಡಿಸಿದರೆ ಏದುಸಿರು ಬಿಡುತ್ತಿದ್ದ. ಆಮೇಲೆ ಪೇಟೆಗೆ ಬಂದ ಎಷ್ಟೋ ಹೆಸರಾಂತ ಆಟಗಳಲ್ಲಿ ಹೀರೋಗಳು ರಬ್ಬರಿನ ಚೆಂಡಿನ ಹಾಗೆ ಪುಟಿಯುವುದನ್ನು ನೋಡಿದ್ದೇನೆ. ಈ ಮುದುಕನಿಗೆ ವಯಸ್ಸಿತ್ತು. ಒಮ್ಮೆ ಹಚ್ಚಿದ ದೀಪ ಹಾಗೇ ಉರಿಯುತ್ತಿತ್ತು. ಏಳನೆಯದರಿಂದ ಜಾರಿ ಐದನೆಯದಕ್ಕೆ ಬಿದ್ದರೂ ಬೀಳುವುದು ನಾವೇ ಹಚ್ಚಿದ ಬೆಳಕಿಗೆ. ಅದರಲ್ಲಿ ಯಾರನ್ನೂ ಕೊಲ್ಲಬೇಕಾಗಿರಲಿಲ್ಲ. ಕೈಯ ಲಾಟೀನು ಆರಿಸಲು ಬರುವ ಬಾವಲಿಗಳಿಂದ ತಪ್ಪಿಸಿಕೊಂಡರೆ ಸಾಕು. ಪ್ರತಿ ದೀಪಕ್ಕೂ ಸಂಗೀತಕ್ಕೆ ಒಂದು ಸ್ವರ ಸೇರುತ್ತ ಹೋಗಿ ಎಂಟನೇ ಅಂತಸ್ತಿನ ಹೊತ್ತಿಗೆ ಪೂರ್ತಿ ಹಾಡಾಗುತ್ತಿತ್ತು. ಅಮ್ಮ ಅದನ್ನು ಒರಳಿನ ಮುಂದೆ ಗುನುಗುತ್ತಿದ್ದಳು. ನನಗೆ ಅಮ್ಮನ ದನಿ ಈಗ ನೆನಪಿರುವುದು ಆ ಪರದೇಶದ ರಾಗದಲ್ಲೇ.

ದೋಷಗಳೂ ಕಡಿಮೆಯಿರಲಿಲ್ಲ. ಗಾಳಿಯಲ್ಲಿದ್ದಾಗ ಮುದುಕನನ್ನು ತಿರುಗಿಸಲಾಗುತ್ತಿರಲಿಲ್ಲ. ತಪ್ಪಿ ಹಾರಿದರೆ ತಪ್ಪನ್ನು ಕೊನೆಯವರೆಗೂ ನೋಡುತ್ತ ಕೂರಬೇಕು. ಏಣಿಯ ಬುಡದಲ್ಲಿ ಕೂದಲೆಳೆಯಷ್ಟು ಆಚೀಚೆ ನಿಂತರೂ ಹತ್ತುತ್ತಿರಲಿಲ್ಲ. ಐದನೇ ಅಂತಸ್ತು ಮೂರನೆಯದರದೇ ನಕಲು, ಮಾಡಿದವರಿಗೆ ಬೇಸರ ಬಂದಿತ್ತೆಂದು ಕಾಣುತ್ತದೆ. ನಾಲ್ಕನೆಯದರಲ್ಲಿ ಕೆಂಪು ಹಗ್ಗ ಹಿಡಿದರೆ ಮೇಲಕ್ಕೆ, ಹಸಿರು ಹಿಡಿದರೆ ಪಾತಾಳಕ್ಕೆ. ನಮ್ಮ ಟಿವಿಯಲ್ಲಿ ಎರಡೂ ಬೂದಿ ಬಣ್ಣ. ಅದು ಆಟದ ದೋಷವಲ್ಲ, ನಮ್ಮದು. ಎಲ್ಲಕ್ಕಿಂತ ದೊಡ್ಡ ದೋಷ, ಆಡಿದ್ದನ್ನು ಉಳಿಸಿಡುವ ದಾರಿ ಇರಲಿಲ್ಲ. ಸ್ವಿಚ್ಚು ಆರಿಸಿದರೆ ಮುಂದಿನ ಸಲ ಮೊದಲನೇ ಅಂತಸ್ತಿನ ಕತ್ತಲೆಯಿಂದಲೇ ಶುರು. ಎಡವದೆ ಆಡಿದರೂ ಒಂಬತ್ತನೆಯದಕ್ಕೆ ಬರಲು ಇಪ್ಪತ್ತಮೂರು ನಿಮಿಷ ಬೇಕು. ನಮಗಿದ್ದದ್ದು ಮೂವತ್ತು.

ಲೆಕ್ಕದ ಪುಸ್ತಕ ಇಟ್ಟದ್ದು ಅಪ್ಪ ಹೇಳಿ ಅಲ್ಲ. ನಾನಾಗಿಯೇ ಇಟ್ಟೆ. ಮೊದಲನೇ ಭಾನುವಾರ ರಘು ಎರಡನೇ ಅಂತಸ್ತಿನಲ್ಲೇ ಬಿದ್ದು ಬಿದ್ದು ಅರ್ಧ ಗಂಟೆ ಕಳೆದ. ಅವನು ಹಚ್ಚಿದ ದೀಪಗಳ ಕೆಳಗೆ ಮುದುಕನನ್ನು ನಿಲ್ಲಿಸಿ ನೋಡುತ್ತ ಕೂರುತ್ತಿದ್ದ. “ಅಕ್ಕ ನೋಡೇ, ತಾತನ ನೆರಳು ಅಲ್ಲಾಡತ್ತೆ,” ಎನ್ನುತ್ತಿದ್ದ. ನೆರಳು ನೋಡಲು ಕೊಟ್ಟ ಸಮಯವಲ್ಲ ಅದು. ನಾನು ನೋಟ್‌ಪುಸ್ತಕದಲ್ಲಿ ಐದು ಕಲಂ ಹಾಕಿದೆ: ವಾರ, ಮುಟ್ಟಿದ ಅಂತಸ್ತು, ಉಳಿದ ಎಣ್ಣೆ, ಬಿದ್ದ ಕಾರಣ, ಮತ್ತು ‘ವ್ಯರ್ಥ’. ಮುದುಕ ಕಾರಣವಿಲ್ಲದೆ ನಿಂತ ಸೆಕೆಂಡುಗಳೆಲ್ಲ ಆ ಕೊನೆಯ ಕಲಮಿಗೆ. ಮೊದಲ ವಾರ ನಾಲ್ಕು ನಿಮಿಷ ಹತ್ತು ಸೆಕೆಂಡು. ಎರಡನೇ ವಾರ ಎರಡೂವರೆ ನಿಮಿಷ. ಅಪ್ಪ ಪುಸ್ತಕ ನೋಡಿ ಕೆಂಪು ಪೆನ್ಸಿಲಿನಲ್ಲಿ ಸಹಿ ಹಾಕಿದರು. ಆಟಕ್ಕೆ ಮೊದಲು ಕ್ಯಾಸೆಟ್ಟಿನ ಬಾಯಿಗೆ ಊದಿ ಹಾಕುವುದು, ರಿಮೋಟಿನ ವೈರು ಬಿಡಿಸುವುದು ಎಲ್ಲವನ್ನೂ ಹತ್ತೂ ಇಪ್ಪತ್ತಕ್ಕೇ ಮುಗಿಸಿಟ್ಟು ಅವನಿಗೆ ಒಂದು ಸೆಕೆಂಡೂ ನಷ್ಟವಾಗದಂತೆ ನೋಡಿಕೊಂಡೆ. ನಾನು ಅವನನ್ನು ಗೆಲ್ಲಿಸುತ್ತಿದ್ದೇನೆ ಎಂದೇ ನಂಬಿದ್ದೆ. ಅವನು ಆಡುತ್ತಲೂ ಇದ್ದ, ಎಷ್ಟು ಚೆನ್ನಾಗಿ ಎಂದರೆ ಐದನೇ ಭಾನುವಾರ ಹತ್ತೂ ಐವತ್ತೇಳಕ್ಕೆ ಮೊದಲ ಸಲ ಒಂಬತ್ತನೇ ಅಂತಸ್ತಿಗೆ ಬಂದ. ಅಲ್ಲಿ ಬೇರೇನೂ ಇರಲಿಲ್ಲ. ಖಾಲಿ ನೆಲ, ಒಂದು ದೊಡ್ಡ ಮುಚ್ಚಿದ ಬಾಗಿಲು. ರಘುವಿನ ಅಂಗೈ ಬೆವರಿ ರಿಮೋಟು ಜಾರುತ್ತಿತ್ತು. ಅವನು ಅದನ್ನು ನೆಲದ ಮೇಲಿಟ್ಟು ಎರಡೂ ಕೈಯನ್ನು ಚಡ್ಡಿಗೆ ಒರೆಸಿಕೊಂಡ, ಬಾಗಿಲನ್ನೇ ನೋಡುತ್ತ ಕೂತ.

“ಏಯ್, ಯಾಕೋ ಇಟ್ಟೆ? ಎಣ್ಣೆ ಇಳೀತಿದೆ,” ಎಂದೆ ನಾನು.

“ಇರೇ ಅಕ್ಕ, ನೋಡ್ತೀನಿ.”

“ನೋಡೋದೇನು, ಅಲ್ಲೇನು ದೇವಸ್ಥಾನಾನಾ? ಆಡೋ!”

ಅವನು ಮತ್ತೆ ರಿಮೋಟು ಎತ್ತಿಕೊಂಡ. ಬಾಗಿಲಿಗೆ ಹಾರಿ ಹಾರಿ ಡಿಕ್ಕಿ ಹೊಡೆದ. ಹನ್ನೊಂದಾಯಿತು, ಆರಿಸಿದೆ. ಪುಸ್ತಕದಲ್ಲಿ ಬರೆದೆ: ‘ಬಾಗಿಲ ಮುಂದೆ ವ್ಯರ್ಥ, 40 ಸೆಕೆಂಡು’. ಅಂದು ಅಪ್ಪ ಸಹಿ ಹಾಕಲಿಲ್ಲ. ಸೆಕೆಂಡಿಗೊಂದರಂತೆ ನಲವತ್ತು ಬಸ್ಕಿ ಹೊಡೆಸಿದರು. ಎಣಿಸಿದವಳು ನಾನು. ಆರನೇ ಭಾನುವಾರದಿಂದ ಆ ಕಲಮಿನಲ್ಲಿ ಬರೀ ಸೊನ್ನೆ. ಅಪ್ಪ ಆ ಸೊನ್ನೆಯ ಕೆಳಗೆ ಎರಡು ಗೆರೆ ಎಳೆದು ನನ್ನ ತಲೆ ಸವರಿದರು. ಅವರು ನನ್ನ ತಲೆ ಸವರಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಈಗ ಈಚಿನ ಮಾತು. ಅಪ್ಪ ಅಮ್ಮ ಇಬ್ಬರೂ ಇಲ್ಲ. ಜಯನಗರದ ಮನೆ ಇದ್ದ ಜಾಗದಲ್ಲಿ ನಾಲ್ಕು ಫ್ಲ್ಯಾಟು ಎದ್ದಿದೆ. ನಾನು ಶಾಲೆಯ ಕೆಲಸ ಬಿಟ್ಟು ಜೆ.ಪಿ. ನಗರದಲ್ಲಿದ್ದೇನೆ, ನನ್ನ ಅಡುಗೆಮನೆಯ ಬಾಗಿಲ ಹಿಂದೆಯೂ ಒಂದು ಹಾಳೆ ಇದೆ, ಪಾಲಿಸುವವಳು ಒಬ್ಬಳೇ ಆದರೂ. ಹೋದ ಮಳೆಗಾಲದಲ್ಲಿ ಬೀರು ಖಾಲಿ ಮಾಡುವಾಗ ಆ ನೋಟ್‌ಪುಸ್ತಕ ಸಿಕ್ಕಿತು. ನಾಲ್ಕರಿಂದ ನಾಲ್ಕೂವರೆ ನನ್ನ ಫೋನು ನೋಡುವ ಸಮಯ. ಮುದುಕ, ಲಾಟೀನು, ಗೋಪುರ ಎಂದೆಲ್ಲ ಹೊಡೆದು ಹುಡುಕಿದೆ. ಮೂರನೇ ದಿನ ಸಿಕ್ಕಿತು. ಹಳೆಯ, ಯಾರಿಗೂ ಬೇಡವಾದ ಆಟಗಳ ಬಗ್ಗೆ ಬರೆಯುವ ಯಾರೋ ಒಬ್ಬರು ಅದರ ಗುಣದೋಷಗಳನ್ನು ಎರಡು ಪುಟ ಬರೆದಿದ್ದರು. ಹೆಚ್ಚು ಮಾರಾಟವಾಗಲಿಲ್ಲವಂತೆ, ಆಡಿದವರೂ ಮರೆತರಂತೆ. ನೆಗೆತದ ತೂಕ, ಸ್ವರ ಸೇರುವ ಸಂಗೀತ, ಏಣಿಯ ಕಾಟ, ಎಲ್ಲ ನನಗೆ ನೆನಪಿದ್ದ ಹಾಗೆಯೇ ಇತ್ತು. ಓದುತ್ತ ಹೆಮ್ಮೆಯೇ ಆಯಿತು. ಆಮೇಲೆ ಬಾಗಿಲಿನ ವಿಷಯ ಬಂತು. ಎಂಟನೇ ಅಂತಸ್ತಿನ ಗೋಡೆಯ ಮೇಲೆ ಒಂದು ಸಾಲು ಅಕ್ಷರವಿತ್ತು, ನಾವು ಅದನ್ನು ಚಿತ್ತಾರ ಎಂದುಕೊಂಡಿದ್ದೆವು. ಅದರ ಅರ್ಥ, ಆತುರವಿಲ್ಲದವನಿಗೆ ತೆರೆಯುತ್ತದೆ ಎಂದಂತೆ. ಒಂಬತ್ತನೇ ಅಂತಸ್ತಿನ ಬಾಗಿಲ ಮುಂದೆ, ಒಂದೂ ಗುಂಡಿ ಮುಟ್ಟದೆ, ಎಣ್ಣೆ ಇಳಿಯುತ್ತಿದ್ದರೂ ಬಿಟ್ಟು, ಒಂದು ನಿಮಿಷ ಸುಮ್ಮನೆ ನಿಲ್ಲಬೇಕಂತೆ. ಅಷ್ಟೇ. ಬೇರೆ ಬೀಗವಿಲ್ಲ. ಭಾಷೆ ಓದಲು ಬಾರದವನಿಗೆ ಇದು ಆಟದ ದೊಡ್ಡ ಅನ್ಯಾಯ ಎಂದು ಬರೆದಿದ್ದ ಆ ಮನುಷ್ಯ ಮುಂದೆ ಒಂದು ಮಾತು ಸೇರಿಸಿದ್ದ: ಆದರೂ ಹೆಚ್ಚಿನ ಮಕ್ಕಳಿಗೆ ಇದು ತಾನಾಗಿಯೇ ಗೊತ್ತಾಗುತ್ತಿತ್ತು, ಯಾಕೆಂದರೆ ಅಷ್ಟು ದೂರ ಹತ್ತಿಬಂದ ಮಕ್ಕಳು ಸುಸ್ತಾಗಿ ಒಂದು ನಿಮಿಷ ಕೂರುತ್ತಾರೆ.

ನಾನು ಫೋನು ಕೆಳಗಿಟ್ಟು ಪುಸ್ತಕ ತೆಗೆದೆ. ನಲವತ್ತು ಎನ್ನುವುದು ನನ್ನ ಕೈಬರಹವೇ. ತಪ್ಪು ಹಂಚುವುದು ನನಗೆ ಚೆನ್ನಾಗಿ ಬರುತ್ತದೆ, ಜೀವನವಿಡೀ ಅದನ್ನೇ ಮಾಡಿದ್ದೇನೆ. ಆಟ ಮಾಡಿದವರಿಗೆ ಸ್ವಲ್ಪ ಕೊಟ್ಟೆ, ಅಪ್ಪನಿಗೆ ಬಹಳಷ್ಟು ಕೊಟ್ಟೆ. ಆದರೂ ಒಂದು ನಿಮಿಷಕ್ಕೆ ಕಡಿಮೆಬಿದ್ದ ಆ ಇಪ್ಪತ್ತು ಸೆಕೆಂಡು ಉಳಿಯಿತು. ಅದು ಯಾರಿಗೂ ಹೋಗಲಿಲ್ಲ.

ರಘು ಈಗ ಚಿಕ್ಕಲಸಂದ್ರದಲ್ಲಿದ್ದಾನೆ, ಬ್ಯಾಂಕಿನ ಕೆಲಸ. ನಾವು ಸೇರುವುದು ವರ್ಷಕ್ಕೊಮ್ಮೆ, ಅಪ್ಪನ ತಿಥಿಯ ದಿನ, ಅವನ ಮನೆಯಲ್ಲಿ. ಜಗಳವೇನಿಲ್ಲ. ಜಗಳವಾಡುವಷ್ಟು ಹತ್ತಿರ ನಾವು ಎಂದೂ ಬರಲಿಲ್ಲ. ಈ ಸಲ ಬ್ರಾಹ್ಮಣರ ಊಟವಾಗಿ, ನಮ್ಮ ಊಟವೂ ಆಗಿ, ಅವನು ಬಾಲ್ಕನಿಯಲ್ಲಿ ಪಂಚೆ ಮಡಿಸಿ ಕೂತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ.

“ರಘು, ಆ ಲಾಟೀನು ತಾತನ ಆಟ ನೆನಪಿದೆಯಾ?”

“ಹ್ಞೂಂ.”

“ಅದರ ಬಾಗಿಲು ಹೇಗೆ ತೆಗೆಯತ್ತೆ ಅಂತ ಗೊತ್ತಾಯ್ತು ಕಣೋ ನಂಗೆ.”

“ಸುಮ್ನೆ ನಿಂತ್ರೆ ತೆಗೆಯತ್ತೆ,” ಎಂದ ಅವನು.

ರಸ್ತೆ ನೋಡುತ್ತಲೇ ಮುಂದುವರಿಸಿದ.

“ಮಾರನೇ ವರ್ಷ ರಜಕ್ಕೆ ಮದ್ರಾಸಿಗೆ ಹೋಗಿದ್ನಲ್ಲ. ಆಡ್ತಾ ಇದ್ದೆ. ಮಾವ ಊಟಕ್ಕೆ ಬಾರೋ ಅಂತ ಕೂಗಿದ್ರು. ರಿಮೋಟ್ ಕೆಳಗಿಟ್ಟು ಎದ್ದೆ. ಮೊಸರನ್ನ ಕಲಸಿಸ್ಕೊಂಡು ಬಟ್ಲು ಹಿಡ್ಕೊಂಡು ವಾಪಸ್ ಬಂದೆ. ತೆಗೆದಿತ್ತು.”

“ಮತ್ತೆ ನಂಗೆ ಹೇಳ್ಲೇ ಇಲ್ವಲ್ಲೋ!”

“ನೀನು ಕೇಳ್ಲಿಲ್ಲ.”

“ಆಚೆ ಏನಿತ್ತು?”

ಅವನು ಈಗ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಅದೇ ಕಷ್ಟ.

“ಯಾಕಕ್ಕ, ಬರ್ಕೋಬೇಕಾ?”

ಒಳಗಿನಿಂದ ಅವನ ಹೆಂಡತಿ ಕಾಫಿ ತಂದಳು. ಬಿಸಿಯಿತ್ತು. ಕುಡಿದು, ಮೂರೂ ಕಾಲಿಗೆ ಹೊರಟೆ, ಅಂದುಕೊಂಡಿದ್ದ ಸಮಯಕ್ಕೆ.

ಆ ಕೊನೆಯ ಭಾನುವಾರಕ್ಕೆ ಬರುತ್ತೇನೆ. ರಘು ಅಂದು ಆಡಿದ ಹಾಗೆ ಯಾರೂ ಆಡಿರಲಾರರು. ಬಾವಲಿಗಳು ಹತ್ತಿರ ಸುಳಿಯಲಿಲ್ಲ. ನಾಲ್ಕನೇ ಅಂತಸ್ತಿನ ಎರಡು ಬೂದಿ ಹಗ್ಗಗಳಲ್ಲಿ ಸರಿಯಾದದ್ದನ್ನು ಕಣ್ಣು ಮಿಟುಕಿಸದೆ ಹಿಡಿದ. ಹತ್ತೂ ಐವತ್ತಮೂರಕ್ಕೆ ಬಾಗಿಲ ಮುಂದಿದ್ದ, ಎಣ್ಣೆ ನೂರ ನಲವತ್ತು ಹನಿ. ಕೈಯಲ್ಲಿ ಏಳು ನಿಮಿಷ. ಬೇಕಾಗಿದ್ದದ್ದು ಒಂದು. ಅವನು ಬಾಗಿಲಿಗೆ ಎಡದಿಂದ ಹಾರಿದ, ಬಲದಿಂದ ಹಾರಿದ, ತಾತನನ್ನು ಬಗ್ಗಿಸಿದ, ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿದ. ಎಣ್ಣೆ ಇಳಿದಾಗ ಎಂಟನೆಯದಕ್ಕೆ ಧುಮುಕಿ, ಅಲ್ಲಿ ಮತ್ತೆ ಮತ್ತೆ ತುಂಬಿಕೊಳ್ಳುವ ಕುಡಿಕೆಯಿಂದ ಎಣ್ಣೆ ಹೊತ್ತು ಮತ್ತೆ ಹತ್ತಿದ. ಹಾಗೆ ಮೂರು ಸಲ. ತುಂಬುವ ಆ ಕುಡಿಕೆ ಅಲ್ಲಿ ಯಾಕಿದೆ ಎಂದು ಐದು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಮುದುಕ ಏದುಸಿರು ಬಿಡುತ್ತಿದ್ದ.

“ಪಾಪ, ಸ್ವಲ್ಪ ಉಸಿರಾಡಲಿ ಬಿಡೋ ಅವನು,” ಎಂದರು ಮಾವ.

“ಉಸಿರಾಡೋಕೆ ಟೈಮಿಲ್ಲ,” ಎಂದರು ಅಪ್ಪ. “ವತ್ಸಲಾ, ಎಷ್ಟು?”

“ಹತ್ತೂ ಐವತ್ತೆಂಟು ಅಪ್ಪ,” ಎಂದೆ ನಾನು.

ಅಮ್ಮ ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದಳು.

“ಏನೂಂದ್ರೆ, ಇನ್ನೊಂದ್ ಹತ್ನಿಮಿಷ ಜಾಸ್ತಿ ಆದ್ರೆ ಏನಾಗತ್ತೆ? ಮಗು ಬೆವೆತು ಹೋಗಿದೆ.”

“ಸೈರನ್ ಆದ್ಮೇಲೆ ಗೇಟು ತೆಗೆದ್ರೆ ಅದು ಗೇಟಲ್ಲ ಕಣೆ.”

ರಘು ಪರದೆಯಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದ. ಅಪ್ಪನನ್ನಲ್ಲ, ಮಾವನನ್ನಲ್ಲ, ನನ್ನನ್ನು.

“ಅಕ್ಕ, ಏನ್ ಮಾಡ್ಲೇ?”

“ಏನಾದ್ರೂ ಮಾಡೋ!” ಎಂದು ಕೂಗಿದೆ.

ಅವನು ಮಾಡಿದ. ಕೊನೆಯ ಎರಡು ನಿಮಿಷ ಅವನ ಹೆಬ್ಬೆರಳು ಒಂದು ಕ್ಷಣವೂ ನಿಲ್ಲಲಿಲ್ಲ. ಅಪ್ಪ, “ಟೈಮು,” ಎಂದರು. ನಾನು ಎದ್ದು ಸ್ವಿಚ್ಚು ಆರಿಸಿದೆ. ಎಂಟು ಅಂತಸ್ತಿನ ದೀಪಗಳು ಒಂದು ಬಿಳಿ ಚುಕ್ಕೆಯಾಗಿ ಪರದೆಯ ನಡುವೆ ಸೇರಿ ಹೋದವು. ನನ್ನ ಕೈ ತಡೆಯಲಿಲ್ಲ. ಅದನ್ನು ಬೇರೆ ರೀತಿ ಬರೆಯಬಹುದಿತ್ತು. ಕೈ ನಡುಗಿತು, ಅಪ್ಪನ ಮುಖ ನೋಡಿದೆ ಎನ್ನಬಹುದಿತ್ತು. ಹಾಗೇನೂ ಆಗಲಿಲ್ಲ. ಸರಿಯಾದ ಸೆಕೆಂಡಿಗೆ ಆರಿಸಿದ ಸಮಾಧಾನವೇ ಮೊದಲು ಬಂದದ್ದು.

ಅಪ್ಪ ಬೈಯಲಿಲ್ಲ. ಕೆಳಗೆ ಕೂತು ರಿಮೋಟಿನ ವೈರುಗಳನ್ನು ಒಂದೇ ಅಳತೆಯ ಸುರುಳಿ ಮಾಡಿ ದಾರ ಕಟ್ಟಿ ಯಂತ್ರವನ್ನು ಅದರ ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟರು. ಅಷ್ಟು ಮೃದುವಾಗಿ ಅವರು ಏನನ್ನೂ ಮುಟ್ಟಿದ್ದು ನಾನು ಕಂಡಿಲ್ಲ. “ಚೆನ್ನಾಗೇ ಆಡಿದ. ಆದರೆ ಮುಗೀಲಿಲ್ಲ,” ಎಂದರು, ರಘುವಿಗಲ್ಲ, ಪೆಟ್ಟಿಗೆಗೆ. ಹನ್ನೆರಡೂವರೆಗೆ ಊಟ. ಮಾವ ಬಂದಿದ್ದಾರೆಂದು ಅಮ್ಮ ಮಾವಿನಹಣ್ಣಿನ ಸೀಕರಣೆ ಮಾಡಿದ್ದಳು. ರಘು ಎಲ್ಲವನ್ನೂ ತಿಂದ, ಎರಡನೇ ಸಲವೂ ಹಾಕಿಸಿಕೊಂಡ, ಎಲೆ ಮಡಚಿ ಎದ್ದ. ಅಳುತ್ತಾನೆಂದು ಕಾದಿದ್ದ ಅಮ್ಮ, ಅವನು ಅಳದೇ ಇದ್ದದ್ದಕ್ಕೆ ತಾನು ಅಡುಗೆಮನೆಯಲ್ಲಿ ಅತ್ತಳು. ಅಪ್ಪ ಒಳಗೆ ಹೋದಾಗ ಅವಳ ದನಿ ನಡುಮನೆಗೆ ಕೇಳಿಸಿತು.

“ನಿಮ್ಮ ಫ್ಯಾಕ್ಟರೀಲಿ ಸತ್ತೋರಿಗೂ ಕೆಂಪು ಗೆರೆ ಹಾಕ್ತೀರೇನ್ರೀ?”

ಆಮೇಲೆ ಪಾತ್ರೆ ತೊಳೆಯುವ ಸದ್ದು ಬಂತು.

ಐದು ಗಂಟೆಗೆ ಮಾವ ಹೊರಟರು. ರಘು ಬಸ್‌ಸ್ಟಾಪಿನವರೆಗೆ ತಾನೇ ಪೆಟ್ಟಿಗೆ ಹೊತ್ತ, ಯಾರೂ ಹೇಳದೆ. ನಾನು ಗೇಟಿನಲ್ಲಿ ನಿಂತು ನೋಡಿದೆ; ಮಾವ ಅವನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ. ವಾಪಸು ಓಡುತ್ತ ಬಂದ. ಅವನು ನಡೆದು ಬರುವುದನ್ನು ಆಮೇಲೆ ನಾನು ಕಾಣಲೇ ಇಲ್ಲ ಎನ್ನಿಸುತ್ತದೆ.

ಆರೂವರೆಯಿಂದ ಎಂಟರವರೆಗೆ ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕುವುದೆಂದು ಹಾಳೆಯಲ್ಲಿತ್ತು. ನಡುಮನೆಯ ನೆಲದ ಮೇಲೆ ಕಂದು ಕಾಗದ ಹರಡಿ ಕೂತೆವು. ಪ್ರತಿ ವರ್ಷ ಅವನು ಕಾಗದದ ಚೂರುಗಳಲ್ಲಿ ದೋಣಿ ಮಾಡುತ್ತ ಕೂರುತ್ತಿದ್ದ, ನಾನು ಬೈದು ಬೈದು ಕೆಲಸ ಮಾಡಿಸುತ್ತಿದ್ದೆ. ಅಂದು ಬೈಯುವ ಪ್ರಮೇಯ ಬರಲಿಲ್ಲ. ನಾನು ಕತ್ತರಿಸುವ ಮೊದಲೇ ಮುಂದಿನ ಪುಸ್ತಕ ನನ್ನ ಮುಂದಿರುತ್ತಿತ್ತು. ಅವನು ಮಡಿಕೆಯನ್ನು ಉಗುರಿನಿಂದ ಒತ್ತಿ, ಗೋಂದು ಹಚ್ಚಿ, ಲೇಬಲ್ಲು ನೇರವಾಗಿ ಕೂರಿಸಿ, ಪಕ್ಕಕ್ಕಿಟ್ಟು, ಮತ್ತೊಂದಕ್ಕೆ ಕೈ ಚಾಚುತ್ತಿದ್ದ. ಹೆಸರು, ತರಗತಿ, ವಿಭಾಗ ನಾನು ಬರೆದೆ. ಇಪ್ಪತ್ತೊಂದು ಪುಸ್ತಕ. ನಮ್ಮ ನಡುವೆ ಒಂದು ಮಾತೂ ಆಗಲಿಲ್ಲ, ಒಂದು ಕಾಗದವೂ ಹಾಳಾಗಲಿಲ್ಲ. ಏಳೂ ಐವತ್ತಕ್ಕೆ ಮುಗಿಯಿತು, ಹಾಳೆಯಲ್ಲಿದ್ದದ್ದಕ್ಕಿಂತ ಹತ್ತು ನಿಮಿಷ ಮೊದಲು. ಉಳಿದ ಆ ಹತ್ತು ನಿಮಿಷ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಅವನು ಎದ್ದು ಹೋಗಿ, ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಮತ್ತೆ ಕೆತ್ತತೊಡಗಿದ. ನಾನು ಕತ್ತರಿಗೆ ಅಂಟಿದ್ದ ಗೋಂದು ಒರೆಸಿ ಅದರ ಜಾಗದಲ್ಲಿಟ್ಟೆ.